ಆಲ್ಫಾ ಕಣದ ಅರ್ಧ ಗೇಣಿನ ಓಟ

ಚಳ್ಳಕೆರೆ ಕಡೆ ಹಳ್ಳಿಗಳಲ್ಲಿ ಬಯಲಾಟ ಅಂದರೆ ನನಗೆ ಮೊದಲು ನೆನಪಾಗೋದು ಗ್ಯಾಸ್‌ಲೈಟು. ಹೊಸ ಮ್ಯಾಂಟಲ್ ಕಟ್ಟುವಾಗ ಮಾವ ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ. ಪುಟ್ಟ ಚೀಲದಂಥ ಅದು ಒಮ್ಮೆ ಉರಿದರೆ ಬರೀ ಬೂದಿಯ ಬಲೆ. ಬೆರಳು ತಾಗಿದರೆ ಪುಡಿ. ಆ ಬೂದಿಯಲ್ಲಿ ಬಹುಪಾಲು ಥೋರಿಯಂ ಆಕ್ಸೈಡ್. ಥೋರಿಯಂ ವಿಕಿರಣಶೀಲ; ಅದರ ಪರಮಾಣುಗಳು ತಾವಾಗೇ ಒಡೆಯುವಾಗ ಆಲ್ಫಾ ಅನ್ನೋ ಪುಟ್ಟ ಕಣಗಳು ಸದಾ ಹಾರುತ್ತಿರುತ್ತವೆ.

ಹಾರಿ ಎಷ್ಟು ದೂರ ಹೋಗುತ್ತವೆ? ಈ ಸಣ್ಣ ಪ್ರಶ್ನೆಗೆ ದೊಡ್ಡ ಇತಿಹಾಸವಿದೆ.

ಬೀದಿದೀಪದ ಬೆಳಕು ದೂರ ಹೋದಂತೆ ಮಂಕಾಗುತ್ತೆ, ಇಂಥ ಕಡೆ ನಿಂತಿತು ಅಂತ ಗೆರೆ ಎಳೆಯೋಕೆ ಆಗಲ್ಲ. ವಿಕಿರಣವೂ ಹಾಗೇ ಇರಬೇಕು ಅಂತ ಹಲವರು ಅಂದುಕೊಂಡಿದ್ದರು. ಆದರೆ ಪೊಲೋನಿಯಂ ಅನ್ನೋ ಧಾತುವಿನ ಆಲ್ಫಾ ಕಿರಣಗಳು ಗಾಳಿಯಲ್ಲಿ ಸುಮಾರು 4 ಸೆಂಟಿಮೀಟರ್ ಹೋಗಿ ತಟ್ಟನೆ ನಿಲ್ಲುವುದನ್ನು 1900ರಲ್ಲೇ ಮೇರಿ ಕ್ಯೂರಿ ಗಮನಿಸಿದ್ದರು. ಯಾಕೆ ಅನ್ನೋದನ್ನು ಬಿಡಿಸಿದ್ದು ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಪಾಠ ಮಾಡುತ್ತಿದ್ದ ವಿಲಿಯಂ ಬ್ರಾಗ್. ನಲವತ್ತು ದಾಟುವವರೆಗೂ ಹೇಳಿಕೊಳ್ಳುವಂಥ ಸಂಶೋಧನೆ ಮಾಡದಿದ್ದ ಮೇಷ್ಟ್ರು! 1904ರಲ್ಲಿ ಕ್ಲೀಮನ್ ಎಂಬ ಸಹಾಯಕನ ಜೊತೆ ರೇಡಿಯಂ ಇಟ್ಟುಕೊಂಡು ಅಳತೆಗೆ ಕೂತರು.

ಜಾತ್ರೆಗೆ ನೂರು ರೂಪಾಯಿ ಹಿಡಿದು ಹೋದ ಹುಡುಗನನ್ನು ನೆನೆಸಿಕೊಳ್ಳಿ. ಮೊದಲು ಓಡೋಡುತ್ತಾ ಅಂಗಡಿ ದಾಟುತ್ತಾನೆ, ಖರ್ಚು ಕಮ್ಮಿ. ಸುಸ್ತಾದಂತೆ ಒಂದೊಂದು ಅಂಗಡಿ ಮುಂದೂ ನಿಲ್ಲುತ್ತಾನೆ, ಮಂಡಕ್ಕಿ, ಮಿರ್ಚಿ ಅಂತ ಜೇಬು ಬರಿದಾಗುತ್ತೆ. ಆಲ್ಫಾ ಕಣವೂ ಅಷ್ಟೇ. ದಾರಿಯಲ್ಲಿ ಸಿಕ್ಕ ಅಣುಗಳಿಂದ ಎಲೆಕ್ಟ್ರಾನ್ ಕೀಳಲು ಪ್ರತಿ ಸಲ ಸ್ವಲ್ಪ ಶಕ್ತಿ ಕಳೆಯುತ್ತೆ. ನಿಧಾನವಾದಂತೆ ಕಳೆಯೋದು ಜಾಸ್ತಿ. ಕೊನೆಯ ಅರ್ಧ ಸೆಂಟಿಮೀಟರಿನಲ್ಲಿ ಖರ್ಚು ತಾರಕಕ್ಕೇರಿ ಆಮೇಲೆ ಸೊನ್ನೆ. ಒಂದೇ ಧಾತುವಿನ ಕಣಗಳೆಲ್ಲ ಹೆಚ್ಚೂಕಮ್ಮಿ ಒಂದೇ ಮೊತ್ತ ಹಿಡಿದು ಹೊರಡುವುದರಿಂದ ನಿಲ್ಲೋದೂ ಒಂದೇ ಕಡೆ. ಬ್ರಾಗ್‌ರ ರೇಡಿಯಂನಲ್ಲಿ ನಾಲ್ಕು ಬೇರೆ ಬೇರೆ ದೂರಗಳು ಸಿಕ್ಕವು. ರೇಡಿಯಂ ಜೊತೆ ಅದರ ಮರಿಗಳೂ, ಅಂದರೆ ಅದು ಒಡೆದು ಹುಟ್ಟಿದ ಬೇರೆ ಧಾತುಗಳೂ, ಇದ್ದವಲ್ಲ!

ಅನಿಲ ಬದಲಾದರೆ ದೂರವೂ ಬದಲು. ಹಗುರಾದ ಹೈಡ್ರೋಜನ್‌ನಲ್ಲಿ ಗಾಳಿಗಿಂತ ಸುಮಾರು ನಾಲ್ಕು ಪಟ್ಟು ಓಡುತ್ತೆ. ಗಾಳಿ ತೆಳುವಾದರೂ ಅಷ್ಟೇ: ಸಮುದ್ರದಂಡೆಯಲ್ಲಿ 7 ಸೆಂಟಿಮೀಟರ್ ಹೋಗುವ ಕಣ, 700 ಮೀಟರ್‌ಗೂ ಎತ್ತರದ ನಮ್ಮ ದುರ್ಗದಲ್ಲಿ ಏಳೂವರೆ ಹತ್ತಿರ ಹೋದೀತು.

1911ರಲ್ಲಿ ಗೈಗರ್ ಮತ್ತು ನಟಾಲ್ ಎಂಬ ವಿಜ್ಞಾನಿಗಳು ಇನ್ನೊಂದು ಗುಟ್ಟು ಹಿಡಿದರು. ಅದು ಮ್ಯಾಂಚೆಸ್ಟರ್‌ನಲ್ಲಿ, ದಾವಣಗೆರೆಗೆ ಹೋಲಿಕೆಯಾಗಿ ಅಂಟಿದ ಅದೇ ಊರಲ್ಲಿ. ಬೇಗ ಸಾಯುವ ಧಾತುವಿನ ಕಣ ದೂರ ಹೋಗುತ್ತೆ, ದೀರ್ಘಾಯುಷಿಯದು ಹತ್ತಿರವೇ ನಿಲ್ಲುತ್ತೆ. ನಮ್ಮ ಮ್ಯಾಂಟಲ್ಲೇ ಇದಕ್ಕೆ ಸಾಕ್ಷಿ. ಥೋರಿಯಂ ಅರ್ಧ ಆಗೋಕೆ ಸುಮಾರು 1,400 ಕೋಟಿ ವರ್ಷ ಬೇಕು, ಅದರ ಕಣ ಎರಡೂವರೆ ಸೆಂಟಿಮೀಟರಿಗೇ ಸುಸ್ತು. ಅದೇ ವಂಶದ ಪೊಲೋನಿಯಂ-212 ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗವೂ ಬಾಳಲ್ಲ, ಅದರ ಕಣ ಎಂಟೂವರೆ ದಾಟುತ್ತೆ. ಇದು ಹೇಗೆ ಅಂತ ಭೌತವಿಜ್ಞಾನಿ ಗ್ಯಾಮೊ ವಿವರಿಸಿದ್ದು 1928ರಲ್ಲಿ.

ಆ ನಡುವೆ 1919ರಲ್ಲಿ ರುದರ್‌ಫೋರ್ಡ್ ಒಂದು ತಕರಾರು ಎತ್ತಿದ್ದರು. ಆಲ್ಫಾ ಕಣ 7 ಸೆಂಟಿಮೀಟರಿಗೆ ನಿಲ್ಲಬೇಕಾದ ಕಡೆ, ಅದರಾಚೆಗೂ ಕಣ ಬಡಿದಾಗ ಮಿನುಗುವ ಪರದೆಯ ಮೇಲೆ ಮಿಣುಕು ಕಾಣುತ್ತಿದೆಯಲ್ಲ? ಆಲ್ಫಾ ಬಡಿದು ನೈಟ್ರೋಜನ್ನಿನಿಂದ ಹಾರಿದ ಪ್ರೋಟಾನ್‌ಗಳವು. ನಿಲ್ಲುವ ಜಾಗ ಅಷ್ಟು ಖಚಿತವಾಗಿ ಗೊತ್ತಿಲ್ಲದಿದ್ದರೆ ಆ ಮಿಣುಕನ್ನು ಯಾರು ಕೇಳುತ್ತಿದ್ದರು?

ಈಗ ಎಷ್ಟೋ ಮ್ಯಾಂಟಲ್‌ಗಳಲ್ಲಿ ಥೋರಿಯಂ ಬದಲು ಇಟ್ರಿಯಂ ಇರುತ್ತೆ. ಹಳೇದು ಉರಿಯುವಾಗ ಅದರ ಆಲ್ಫಾ ನಮ್ಮ ಚರ್ಮ ದಾಟುತ್ತಿರಲಿಲ್ಲ. ಆದರೆ ಒಡೆದ ಮ್ಯಾಂಟಲ್ಲಿನ ಬೂದಿಯನ್ನು ನಾವು ಅಂಗೈಮೇಲೆ ಹಾಕಿಕೊಂಡು ಉಫ್ ಅಂತ ಊದುತ್ತಿದ್ದೆವು. ಆ ಪುಡಿ ಉಸಿರಿನ ಜೊತೆ ಒಳಗೆ ಹೋದರೆ, ಶ್ವಾಸಕೋಶಕ್ಕೂ ಕಣಕ್ಕೂ ನಡುವೆ ತಡೆಯೋಕೆ ಒಂದು ಸೆಂಟಿಮೀಟರ್ ಗಾಳಿಯೂ ಇರಲ್ಲ.