ಪಿಎಚ್‌ಡಿ ನಂತರ ಪೋಸ್ಟ್‌ಡಾಕ್ ಹಿಡಿಯಬೇಕೋ, ಕಂಪನಿಗೆ ಹೋಗಬೇಕೋ?

ಪ್ರಶ್ನೆ: ಥೀಸಿಸ್ ಸಲ್ಲಿಸಲು ಇನ್ನು ಎಂಟು ತಿಂಗಳಿದೆ. ನನ್ನ ಗೈಡ್ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆ) ಮಾಡು ಎನ್ನುತ್ತಾರೆ, ನನಗೆ ಕಂಪನಿಯ ಕಡೆಗೂ ಮನಸ್ಸಿದೆ. ಒಮ್ಮೆ ವಿಶ್ವವಿದ್ಯಾಲಯದಿಂದ ಹೊರಗೆ ಹೋದರೆ ಮತ್ತೆ ಒಳಗೆ ಬರಲು ಆಗುವುದಿಲ್ಲವೇ?

ಉತ್ತರ: ಆಗುತ್ತದೆ, ಆದರೆ ಎಷ್ಟು ಸುಲಭ ಎನ್ನುವುದು ನಿಮ್ಮ ವಿಷಯದ ಮೇಲೆ ನಿಂತಿದೆ. ಕಂಪ್ಯೂಟರ್ ವಿಜ್ಞಾನ, ಎಂಜಿನಿಯರಿಂಗ್‌ಗಳಲ್ಲಿ ಕಂಪನಿಯ ಸಂಶೋಧನಾಲಯದಿಂದ ಅಧ್ಯಾಪನಕ್ಕೆ ಮರಳುವವರಿದ್ದಾರೆ. ಅಲ್ಲಿ ಪೇಪರ್ ಪ್ರಕಟಿಸಲು ಅವಕಾಶವಿರುತ್ತದೆ. ಇತಿಹಾಸ, ಸಾಹಿತ್ಯ, ಮೂಲ ಜೀವವಿಜ್ಞಾನಗಳಲ್ಲಿ ಕಷ್ಟ. ಆಯ್ಕೆ ಸಮಿತಿ ಮೊದಲು ನೋಡುವುದೇ ಈಚಿನ ವರ್ಷಗಳ ಪ್ರಕಟಣೆ. ಹಾಗಾಗಿ ಕಂಪನಿಯ ಸಂದರ್ಶನದಲ್ಲಿ ಸಂಬಳದಷ್ಟೇ ಮುಖ್ಯವಾಗಿ ಕೇಳಬೇಕಾದದ್ದು ಒಂದಿದೆ: ಇಲ್ಲಿ ಮಾಡಿದ ಕೆಲಸವನ್ನು ನನ್ನ ಹೆಸರಿನಲ್ಲಿ ಪ್ರಕಟಿಸಬಹುದೇ? ಗೋಪ್ಯತಾ ಒಪ್ಪಂದ ಬಿಗಿಯಾಗಿದ್ದರೆ ಮೂರು ವರ್ಷದ ಒಳ್ಳೆಯ ಕೆಲಸವೂ ಸಮಿತಿಯ ಕಣ್ಣಿಗೆ ಬೀಳದು.

ಒಳಗೇ ಉಳಿದರೆ ಏನು? ಬ್ರಿಟನ್ನಿನ ರಾಯಲ್ ಸೊಸೈಟಿ 2010ರ ವರದಿಯಲ್ಲಿ ಆ ದೇಶದ ವಿಜ್ಞಾನ ಪಿಎಚ್‌ಡಿಗಳ ಲೆಕ್ಕ ಕೊಟ್ಟಿತ್ತು: ಕಾಯಂ ಸಂಶೋಧನಾ ಹುದ್ದೆ ತಲುಪುವವರು ಶೇ 3.5, ಪ್ರೊಫೆಸರ್ ಆಗುವವರು ಶೇ 0.45. ಅಲ್ಲಿ ಪ್ರೊಫೆಸರ್ ಎಂದರೆ ತೀರಾ ಮೇಲಿನ ಮೆಟ್ಟಿಲು, ಆದ್ದರಿಂದ ಮೊದಲ ಅಂಕಿಯನ್ನೇ ಗಮನಿಸಿ. ವಿಷಯ, ದೇಶ ಬದಲಾದರೆ ಅಂಕಿ ಬದಲಾಗುತ್ತದೆ. ಆದರೂ ‘ಹೊರಗೆ ಹೋಗುವುದೆಂದರೆ ಸೋಲು’ ಎಂಬ ಮಾತಿಗೆ ಆಧಾರವಿಲ್ಲ ಎನ್ನಲು ಇಷ್ಟು ಸಾಕು.

ನಿರ್ಧಾರಕ್ಕೆ ನಾವು ಮುಖ್ಯವೆಂದು ನಂಬಿರುವುದು ದಿನಚರಿಯನ್ನು. ಎರಡು ವಾರ, ಅರ್ಧರ್ಧ ಗಂಟೆಯ ಲೆಕ್ಕದಲ್ಲಿ ನೀವು ಮಾಡಿದ್ದನ್ನು ಬರೆದಿಡಿ: ಪ್ರಯೋಗ, ಕೋಡಿಂಗ್, ಬರವಣಿಗೆ, ಪಾಠ, ಕಿರಿಯರಿಗೆ ಹೇಳಿಕೊಡುವುದು, ಮೀಟಿಂಗ್. ಯಾವುದರಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲವೋ ಅದಕ್ಕೆ ಗುರುತು ಹಾಕಿ. ಪ್ರಯೋಗದ ಮೇಜನ್ನು ಪ್ರೀತಿಸುವವರು ಎಡವುವುದು ಇಲ್ಲಿಯೇ. ಸ್ವಂತ ತಂಡ ಕಟ್ಟಿದ ಅಧ್ಯಾಪಕರ ದಿನ ಬಹುಪಾಲು ಹೋಗುವುದು ಅನುದಾನದ ಅರ್ಜಿ, ತರಗತಿ, ಸಮಿತಿ, ವಿದ್ಯಾರ್ಥಿಗಳ ಕರಡು ತಿದ್ದುವುದಕ್ಕೆ. ಪ್ರಯೋಗ ವಿದ್ಯಾರ್ಥಿಗಳ ಕೈಗೆ ಹೋಗಿಬಿಡುತ್ತದೆ. ಕೈಯಾರೆ ಪ್ರಯೋಗ ಮಾಡುತ್ತಲೇ ಇರಬೇಕು ಎನ್ನುವವರಿಗೆ ಕಂಪನಿಯ ಪ್ರಯೋಗಾಲಯವೋ, ವಿಶ್ವವಿದ್ಯಾಲಯದ ಉಪಕರಣ ಕೇಂದ್ರದ ವಿಜ್ಞಾನಿ ಹುದ್ದೆಯೋ ಹೆಚ್ಚು ಒಪ್ಪಬಹುದು. ಇನ್ನೊಂದೆಡೆ, ಪ್ರಶ್ನೆಯನ್ನು ತಾನೇ ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲದೆ ಬದುಕಲಾಗದು ಎನ್ನುವವರಿಗೆ ಕಂಪನಿ ಇಕ್ಕಟ್ಟು. ಅಲ್ಲಿ ಚೆನ್ನಾಗಿ ನಡೆಯುತ್ತಿರುವ ಯೋಜನೆಯೂ ಮಾರುಕಟ್ಟೆಯ ಕಾರಣಕ್ಕೆ ನಿಂತುಹೋಗಬಹುದು.

ಎಂಟು ತಿಂಗಳಲ್ಲಿ ಎರಡಕ್ಕೂ ಸಿದ್ಧರಾಗಬಹುದು, ಆದರೆ ಮೊದಲು ಪೋಸ್ಟ್‌ಡಾಕ್‌ಗೆ ಹಣ ಕೊಡುವ ಫೆಲೋಶಿಪ್‌ಗಳತ್ತ ನೋಡಿ. ಅನೇಕ ಫೆಲೋಶಿಪ್‌ಗಳು ವರ್ಷಕ್ಕೊಮ್ಮೆ ಮಾತ್ರ ಅರ್ಜಿ ಕರೆಯುತ್ತವೆ, ಶಿಫಾರಸು ಪತ್ರಕ್ಕೂ ಸಮಯ ಬೇಕು. ಪತ್ರ ಬರೆಯುವವರಿಗೆ ಕನಿಷ್ಠ ನಾಲ್ಕು ವಾರ ಮೊದಲೇ ತಿಳಿಸಿ. ಕಂಪನಿಗಳು ಬೇಗ ಸೇರಿಕೊಳ್ಳಲು ಹೇಳುವುದೇ ಹೆಚ್ಚು, ಹಾಗಾಗಿ ಆ ಅರ್ಜಿಗಳನ್ನು ಥೀಸಿಸ್ ಸಲ್ಲಿಕೆಗೆ ಮೂರು-ನಾಲ್ಕು ತಿಂಗಳಿರುವಾಗ ಶುರುಮಾಡಿದರೆ ಸಾಕು. ಕಂಪನಿಗೆ ಕಳಿಸುವ ರೆಸ್ಯೂಮೆ ಎರಡು ಪುಟ ದಾಟಬಾರದು. ಅಧ್ಯಾಪನ ಹುದ್ದೆಗೆಂದು ಬರೆದ ಹತ್ತು ಪುಟದ ಸಿವಿಯನ್ನೇ ಕಳಿಸುವುದು ಸಾಮಾನ್ಯ ತಪ್ಪು. ಪೇಪರ್‌ಗಳ ಪಟ್ಟಿಗೆ ಒಂದು ಸಾಲು ಕೊಟ್ಟು, ಉಳಿದ ಜಾಗದಲ್ಲಿ ಕೆಲಸದ ಫಲ ಹೇಳಿ: ‘ಮಾದರಿ ವಿಶ್ಲೇಷಣೆಗೆ ಹಿಡಿಯುತ್ತಿದ್ದ ಎರಡು ದಿನವನ್ನು ಮೂರು ಗಂಟೆಗೆ ಇಳಿಸಿದೆ’ ಎಂಬಂಥ ವಾಕ್ಯವನ್ನು ನಿಮ್ಮ ವಿಷಯ ಗೊತ್ತಿಲ್ಲದವರೂ ಓದಿ ಅರ್ಥಮಾಡಿಕೊಳ್ಳುತ್ತಾರೆ.

ಥೀಸಿಸ್ ಮುಗಿಯದೆ ಮಾತ್ರ ಕೆಲಸಕ್ಕೆ ಸೇರಬೇಡಿ. ‘ರಾತ್ರಿ ಕೂತು ಮುಗಿಸುತ್ತೇನೆ’ ಎಂದುಕೊಂಡ ಕೊನೆಯ ಅಧ್ಯಾಯ ವರ್ಷಗಟ್ಟಲೆ ಎಳೆಯುತ್ತದೆ. ಸೇರುವ ದಿನವನ್ನು ಸಲ್ಲಿಕೆಯ ನಂತರಕ್ಕೆ ಇಟ್ಟುಕೊಡಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಪೋಸ್ಟ್‌ಡಾಕ್ ಕಡೆಗೇ ಮನಸ್ಸು ವಾಲಿದರೆ, ಬೇರೆ ದಾರಿ ತೋಚಲಿಲ್ಲವೆಂದು ಸೇರಬೇಡಿ. ಗುತ್ತಿಗೆ ಎಷ್ಟು ವರ್ಷ, ಲ್ಯಾಬ್ ಬಿಟ್ಟು ಹೋಗುವಾಗ ಯಾವ ಯೋಜನೆ ನಿಮ್ಮೊಂದಿಗೆ ಬರುತ್ತದೆ ಎಂಬುದನ್ನು ಸೇರುವ ಮುನ್ನವೇ ಇಮೇಲ್‌ನಲ್ಲಿ ಖಚಿತಪಡಿಸಿಕೊಳ್ಳಿ. ಆ ಲ್ಯಾಬಿನಿಂದ ಹೊರಬಂದ ನಾಲ್ಕೈದು ಪೋಸ್ಟ್‌ಡಾಕ್‌ಗಳು ಈಗ ಎಲ್ಲಿದ್ದಾರೆ ಎಂದು ಹುಡುಕಿ, ಅವರಲ್ಲಿ ಇಬ್ಬರಿಗಾದರೂ ಫೋನ್ ಮಾಡಿ ಮಾತಾಡಿ.