ಕರೆಂಟು ವಾಪಸ್ ಹೋಗುವ ದಾರಿ

ಮೂಡಿಗೆರೆ ಕಡೆ ಮೆಣಸು ಕುಯ್ಯುವ ಕಾಲ ಬಂತೆಂದರೆ ನನಗೆ ಏಣಿ ಕಂಡರೆ ಭಯ. ಮೊದಲೆಲ್ಲ ಬಿದಿರಿನ ಏಣಿ ಇತ್ತು. ಭಾರ, ಮಳೆಗೆ ಬೇಗ ಕುಂಬಾಗುತ್ತಿತ್ತು. ಈಗ ಎಲ್ಲ ತೋಟಗಳಲ್ಲೂ ಅಲ್ಯೂಮಿನಿಯಂ ಏಣಿ. ಹಗುರ, ಉದ್ದ, ಕಾಳುಮೆಣಸಿನ ಬಳ್ಳಿ ಹಬ್ಬಿದ ಎತ್ತರದ ಸಿಲ್ವರ್ ಮರಕ್ಕೂ ಎಟುಕುತ್ತದೆ. ಒಂದು ಮರ ಮುಗಿಸಿ ಪಕ್ಕದ ಮರಕ್ಕೆ ಹೋಗುವಾಗ ಯಾರು ಮಲಗಿಸಿ ಎತ್ತುತ್ತಾರೆ? ನಿಲ್ಲಿಸಿಕೊಂಡೇ ನಡೆದುಬಿಡುತ್ತಾರೆ. ಕಣ್ಣು ಕೆಳಗೆ ಕಾಫಿ ಗಿಡದ ಮೇಲೆ. ತಲೆಯ ಮೇಲೆ, ಎಲೆಗಳ ಮರೆಯಲ್ಲಿ, 11 ಕೆವಿ ಅಂದರೆ 11,000 ವೋಲ್ಟಿನ ಕರೆಂಟು ತಂತಿ. ಏಣಿ ಅದಕ್ಕೆ ತಾಗಿದರೆ ಮುಗಿಯಿತು. ಮೆಣಸು ಕುಯ್ಯುವಾಗ, ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಮಾಡುವಾಗ ಹೀಗೆ ಸತ್ತವರ ಸುದ್ದಿ ನಮ್ಮ ಜಿಲ್ಲೆಯಲ್ಲೂ ಹಾಸನದ ಸಕಲೇಶಪುರ ಕಡೆಯೂ ಹೊಸದಲ್ಲ.

ಒಂಬತ್ತನೇ ಕ್ಲಾಸಿನಲ್ಲಿ ಇದನ್ನು ಹೇಳುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: "ಸಾರ್, ಕಾಗೆ ಅದೇ ತಂತಿ ಮೇಲೆ ಕೂತಿರುತ್ತೆ. ಅದಕ್ಕೇನೂ ಆಗಲ್ವಲ್ಲ?"

ಕರೆಂಟಿಗೆ ಹೋಗಲು ಒಂದು ದಾರಿ ಇದ್ದರೆ ಸಾಲದು, ಹೊರಟಲ್ಲಿಗೆ ವಾಪಸ್ ಬರಲೂ ದಾರಿ ಬೇಕು. ಸುತ್ತು ಪೂರ್ತಿಯಾಗದಿದ್ದರೆ ಅದು ಹರಿಯುವುದೇ ಇಲ್ಲ. ಕಾಗೆಯ ಎರಡೂ ಕಾಲು ಒಂದೇ ತಂತಿಯ ಮೇಲಿವೆ. ಅದರ ಮೈ ಮೂಲಕ ಹಾದು ಹೋಗಿ ಸೇರಲು ಬೇರೆ ಜಾಗವೇ ಇಲ್ಲ. ನಮ್ಮ ಕಥೆ ಬೇರೆ, ನಾವು ನೆಲದ ಮೇಲೆ ನಿಂತಿರುತ್ತೇವೆ. ಊರಿನ ಟಿಸಿಯನ್ನು, ಅಂದರೆ ಟ್ರಾನ್ಸ್‌ಫಾರ್ಮರನ್ನು, ದೂರದಿಂದಲೇ ನೋಡಿ, ಅಲ್ಲಿಂದ ಒಂದು ಪಟ್ಟಿಯನ್ನು ಮಣ್ಣಿಗೆ ಇಳಿಸಿರುತ್ತಾರೆ. 11 ಕೆವಿ ತಂತಿ ಹೊರಡುವ ಸಬ್‌ಸ್ಟೇಷನ್ನಿನಲ್ಲೂ ಹಾಗೆಯೇ. ಹಾಗಾಗಿ ನೆಲವೂ ಕರೆಂಟಿಗೆ ವಾಪಸ್ ಹೋಗುವ ದಾರಿಯೇ. ಏಣಿ ತಂತಿಗೆ ತಾಗಿದ ಕ್ಷಣ ತಂತಿ, ಏಣಿ, ಕೈ, ಎದೆ, ಕಾಲು, ನೆಲ ಎಲ್ಲ ಸೇರಿ ಒಂದು ಸುತ್ತು. 11,000 ವೋಲ್ಟ್ ಅನ್ನೋದು ಎರಡು ತಂತಿಗಳ ನಡುವಿನ ಲೆಕ್ಕ. ಒಂದು ತಂತಿಗೂ ನೆಲಕ್ಕೂ ನಡುವೆ ಸುಮಾರು 6,350. ಅಷ್ಟರ ಮುಂದೆ ರಬ್ಬರ್ ಚಪ್ಪಲಿ ಲೆಕ್ಕಕ್ಕೇ ಇಲ್ಲ.

ಮನೆಯ 230 ವೋಲ್ಟಿಗೆ ಬರೋಣ. ಕೆಲವು ಸಲ ಸುಮ್ನೆ ಜುಮ್ಮೆನ್ನುತ್ತದೆ, ಕೆಲವು ಸಲ ಪ್ರಾಣ ಹೋಗುತ್ತದೆ. ಯಾಕೆ? ವೋಲ್ಟನ್ನು ದಾರಿಯ ತಡೆಯಿಂದ ಭಾಗಿಸಿ, ಕರೆಂಟು ಎಷ್ಟು ಹರಿಯಿತೆಂದು ಸಿಗುತ್ತದೆ. ಪರೀಕ್ಷೆಗೆ ಬಾಯಿಪಾಠ ಮಾಡುವ ಓಮ್ ನಿಯಮ ಇದೇ. ಒಣ ಬೆರಳ ತುದಿ, ಕಾಲಲ್ಲಿ ಚಪ್ಪಲಿ, ಒಟ್ಟು ತಡೆ ಒಂದು ಲಕ್ಷ ಓಮ್ ಎಂದಿಟ್ಟುಕೊಳ್ಳಿ. 2.3 ಮಿಲಿಆಂಪ್ ಆಯಿತು (ಸಾವಿರ ಮಿಲಿಆಂಪ್ ಸೇರಿದರೆ ಒಂದು ಆಂಪ್). ಬೆಚ್ಚಿಬಿದ್ದು ಕೈ ಎಳೆದುಕೊಳ್ಳುತ್ತೀರಿ. ಒದ್ದೆ ಕೈ, ಬರಿಗಾಲು, ಬಚ್ಚಲ ನೆಲ ಅಂದರೆ ತಡೆ ಸಾವಿರ ಓಮ್‌ಗೆ ಇಳಿಯಬಹುದು. ಆಗ 230 ಮಿಲಿಆಂಪ್. ಹತ್ತು ಹದಿನೈದು ಮಿಲಿಆಂಪಿಗೇ ಕೈಯ ಸ್ನಾಯು ಬಿಗಿದು, ಹಿಡಿದದ್ದನ್ನು ಬಿಡಲು ಆಗುವುದಿಲ್ಲ. ನೂರರ ಆಸುಪಾಸಿನಲ್ಲಿ ಹೃದಯದ ತಾಳವೇ ತಪ್ಪಬಹುದು.

ಇದನ್ನು ಕಲಿಸುವ ನಾನೇ ಒಂದು ಚಳಿಗಾಲದ ಬೆಳಗ್ಗೆ ಬಕೆಟ್ಟಿನಲ್ಲಿ ಕಾಯಿಲ್ ಇಟ್ಟು, ನೀರು ಕಾದಿದೆಯಾ ಅಂತ ಬೆರಳು ಅದ್ದಿದೆ. ಮೊಣಕೈವರೆಗೆ ಯಾರೋ ಸುತ್ತಿಗೆಯಿಂದ ಹೊಡೆದ ಹಾಗಾಯಿತು. ಪ್ಲಗ್ ಕಿತ್ತು ನೋಡಿದರೆ ಮೂರನೇ ಪಿನ್ನೇ, ಅಂದರೆ ಅರ್ಥ್ ಪಿನ್ನೇ, ಇಲ್ಲ. ಹಳೇ ಸಾಕೆಟ್ಟಿಗೆ ಹೊಂದಲಿಲ್ಲವೆಂದು ಮುರಿದು ಹಾಕಿದ್ದವನೂ ನಾನೇ. ಆ ಪಿನ್ ಉಳಿದೆರಡಕ್ಕಿಂತ ದಪ್ಪ, ಉದ್ದ. ಒಳಗೆ ಹೋಗುವಾಗ ಮೊದಲು ತಾಗುತ್ತದೆ, ಬರುವಾಗ ಕೊನೆಗೆ ಬಿಡುತ್ತದೆ. ಕಾಯಿಲ್‌ನ ಲೋಹಕ್ಕೆ ಕರೆಂಟು ಸೋರಿದರೆ ನನ್ನ ಮೈಗಿಂತ ಸುಲಭದ ದಾರಿ ತೋರಿಸುವುದು ಅದರ ಕೆಲಸ. ಈಗ ನಮ್ಮ ಮನೆಯಲ್ಲಿ ಪ್ಲಗ್ ಕಿತ್ತ ಮೇಲೇ ನೀರು ಮುಟ್ಟುವುದು.

"ಎಂಸಿಬಿ ಬೀಳಲಿಲ್ವಾ ಸಾರ್?" ಒಳ್ಳೆಯ ಪ್ರಶ್ನೆ. ಎಂಸಿಬಿ ಅಂದರೆ ಕರೆಂಟು ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚು. ನಮ್ಮನೆಯದು 16 ಆಂಪಿನದು, ಅಂದರೆ 16,000 ಮಿಲಿಆಂಪ್ ದಾಟಿದರೆ ಎಚ್ಚರ. ನನ್ನ ಮೈಯಲ್ಲಿ ಹರಿದದ್ದು ಅದಕ್ಕೆ ಲೆಕ್ಕಕ್ಕೂ ಬರುವುದಿಲ್ಲ. ಅದು ಕಾಯುವುದು ವೈರನ್ನು, ನಮ್ಮನ್ನಲ್ಲ. ಮನುಷ್ಯರನ್ನು ಕಾಯುವುದು ಇನ್ನೊಂದು ಬಗೆಯ ಸ್ವಿಚ್ಚು, ಆರ್‌ಸಿಸಿಬಿ. ಬೇಲೂರಿಗೆ ಟೂರು ಹೋದಾಗ ಬಸ್ಸಿಂದ ಇಳಿಯುವಾಗ, ವಾಪಸ್ ಹತ್ತುವಾಗ ತಲೆ ಎಣಿಸುತ್ತೇವಲ್ಲ, ಅದೇ ಕೆಲಸ. ಹೋದ ಕರೆಂಟೆಷ್ಟು, ಬಂದದ್ದೆಷ್ಟು? 30 ಮಿಲಿಆಂಪ್ ಕಮ್ಮಿಯಾದರೆ ಎಲ್ಲೋ ನೆಲಕ್ಕೆ ಸೋರುತ್ತಿದೆ ಅಂತ ಕಣ್ಣು ಮಿಟುಕಿಸುವಷ್ಟರಲ್ಲಿ ಕತ್ತರಿಸುತ್ತದೆ.

ಆರಿದ್ರೆ ಮಳೆಯ ಗಾಳಿಗೆ ಸಿಲ್ವರ್ ಮರ ಬಿದ್ದು ತಂತಿ ತುಂಡಾಗುವುದು ನಮ್ಮಲ್ಲಿ ಮಾಮೂಲಿ. ಕಿಡಿ ಕಾಣದಿದ್ದರೂ ತಂತಿ ಸತ್ತಿದೆ ಎಂದು ತಿಳಿಯಬೇಡಿ. ಅದು ಬಿದ್ದಲ್ಲಿ ನೆಲಕ್ಕೇ ವೋಲ್ಟ್ ಇರುತ್ತದೆ, ದೂರ ಹೋದಂತೆ ಇಳಿಯುತ್ತದೆ. ದೊಡ್ಡ ಹೆಜ್ಜೆ ಇಟ್ಟರೆ ಎರಡು ಪಾದಗಳ ನಡುವಿನ ವ್ಯತ್ಯಾಸವೇ ಕರೆಂಟು ಹರಿಸುತ್ತದೆ. ಹಸುಗಳು ಹೀಗೆ ಜಾಸ್ತಿ ಸಾಯುವುದು ಅದಕ್ಕೇ. ಮುಂಗಾಲು, ಹಿಂಗಾಲಿನ ನಡುವೆ ಅಷ್ಟು ಅಂತರ, ನಡುವೆ ಹೃದಯ. ಹತ್ತಿರ ಸಿಕ್ಕಿಕೊಂಡರೆ ಪಾದ ಜೋಡಿಸಿಕೊಂಡು, ನೆಲ ಬಿಡದೆ ಇಷ್ಟಿಷ್ಟೇ ಜಾರುತ್ತ ದೂರ ಹೋಗಿ. ಹಸುವನ್ನು ಎಳೆಯಲು ಓಡಬೇಡಿ, ಕರೆಂಟು ಕಂಪನಿಯ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ಮನೆಯೊಳಗೆ ಯಾರಿಗಾದರೂ ಕರೆಂಟು ಹಿಡಿದಿದ್ದರೆ ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಆಮೇಲೆ ಮುಟ್ಟಿ.

ಕ್ಲಾಸು ಮುಗಿಸುವ ಮುಂಚೆ, ಶಾಲೆಯ ಅರ್ಥ್ ಗುಂಡಿ ಎಲ್ಲಿದೆ ಹುಡುಕಿ ಬನ್ನಿ, ಏನನ್ನೂ ಮುಟ್ಟಬೇಡಿ ಎಂದು ಕಳಿಸಿದೆ. ಇದ್ದಿಲು, ಉಪ್ಪು ತುಂಬಿ ಲೋಹದ ಪೈಪು ಹೂತ ಗುಂಡಿ ಅದು. ಮೂರನೇ ಪಿನ್ನಿನ ವೈರು ಕೊನೆಗೆ ಸೇರುವುದು ಅಲ್ಲಿಗೇ. ಮಣ್ಣು ಒಣಗಿದರೆ ತಡೆ ಏರಿ ಕೆಲಸಕ್ಕೆ ಬಾರದು, ಬೇಸಿಗೆಯಲ್ಲಿ ನೀರು ಹಾಕಬೇಕು. ನನಗೂ ಅದರ ಜಾಗ ಗೊತ್ತಿರಲಿಲ್ಲ. ಹತ್ತು ನಿಮಿಷಕ್ಕೆ ಓಡಿ ಬಂದರು.

"ಬಿಸಿಯೂಟದ ಕೋಣೆ ಹಿಂದೆ ಇದೆ ಸಾರ್. ಅಡುಗೆ ಅಕ್ಕ ದಿನಾ ಅಕ್ಕಿ ತೊಳೆದ ನೀರು ಅಲ್ಲೇ ಸುರೀತಾರಂತೆ."