ಎಳೆಯ ಅಗಲ, ಡಿಎನ್‌ಎಯ ಮೊತ್ತ

ಬೇಸಿಗೆಯಲ್ಲಿ ಆಲಮಟ್ಟಿ ಹಿನ್ನೀರು ಇಳಿದ ಮೇಲೆ ಬಾಗಲಕೋಟೆಯ ಸುತ್ತಲಿನ ತಗ್ಗುಗಳಲ್ಲಿ ಉಳಿಯುವ ನೀರಿನಿಂದ ನಮ್ಮ ಸಸ್ಯಶಾಸ್ತ್ರದ ಪ್ರಾಯೋಗಿಕ ತರಗತಿಗೆ ಹಸಿರು ಹಾವಸೆಯನ್ನು ತರಿಸುತ್ತೇನೆ. ಬೆರಳಿಗೆ ಸಿಕ್ಕರೂ ಜಾರಿ ಹೋಗುವ ಎಳೆಗಳಿದ್ದರೆ ಅದು ಬಹುತೇಕ ಸ್ಪೈರೋಗೈರಾ. ಈ ಸಲ ಒಂದೇ ಬಾಟಲಿಯಲ್ಲಿ ಒಂದು ಎಳೆಯ ಅಗಲ 24 ಮೈಕ್ರೋಮೀಟರ್, ಇನ್ನೊಂದರದು 30 ಎಂದು ಅಳೆದ ವಿದ್ಯಾರ್ಥಿನಿ, "ಸರ್, ಇವು ಎರಡು ಬ್ಯಾರೆ ಪ್ರಭೇದ ಅದಾವ್ರಿ" ಎಂದಳು.

ಪ್ರಭೇದ ಗುರುತಿಸಲು ಎಳೆಯ ಅಗಲವನ್ನು ನೋಡುವುದು ಹಳೆಯ ರೂಢಿ. ಆದರೆ ಅಮೆರಿಕದ ರಾಬರ್ಟ್ ಹೋಶಾ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಮೂಲದಿಂದ ಬೆಳೆಸಿದ ಸ್ಪೈರೋಗೈರಾದೊಳಗೇ ವರ್ಣತಂತುಗಳ (ಡಿಎನ್‌ಎಯನ್ನು ಹೊತ್ತ ತಂತುಗಳ) ಗುಂಪು ಹೆಚ್ಚಾಗಿ, ಬೇರೆ ಅಗಲದ ಎಳೆಗಳು ಕಾಣಿಸಿಕೊಂಡಿದ್ದವು. ಇಲ್ಲಿ ಒಂದು ಲೆಕ್ಕ ಮರೆಯಬಾರದು: ಆಕಾರ ಬದಲಾಗದೆ ಕೋಶದ ಘನಗಾತ್ರ ಇಮ್ಮಡಿಯಾದರೆ ಅಗಲ ಹೆಚ್ಚುವುದು ಸುಮಾರು ಕಾಲುಭಾಗ ಮಾತ್ರ, ಅಂದರೆ 24 ಇದ್ದದ್ದು 30 ಆಗುತ್ತದೆ.

ಡಿಎನ್‌ಎ ಹೆಚ್ಚಿದರೆ ಅದನ್ನು ಹಿಡಿಯುವ ಕೋಶಕೇಂದ್ರ ಹಿಗ್ಗಬೇಕು, ಕೇಂದ್ರಕ್ಕೂ ಕೋಶರಸಕ್ಕೂ ಇರುವ ಪ್ರಮಾಣ ಸಾಮಾನ್ಯವಾಗಿ ಹೆಚ್ಚು ಏರುಪೇರಾಗದ ಕಾರಣ ಕೋಶವೂ ಹಿಗ್ಗುತ್ತದೆ. ಫ್ರಾನ್ಸಿನ ಉಪ್ಪುನೀರಿನ ಸರೋವರವೊಂದರಲ್ಲಿ 1994ರಲ್ಲಿ ಪತ್ತೆಯಾದ ಆಸ್ಟ್ರಿಯೋಕಾಕಸ್ ಎಂಬ ಹಸಿರು ಹಾವಸೆ ಸುಮಾರು 1 ಮೈಕ್ರೋಮೀಟರ್ ಅಗಲದ ಒಂದೇ ಕೋಶ. ಅದರ ಜೀನೋಮ್, ಅಂದರೆ ಒಟ್ಟು ಡಿಎನ್‌ಎ, ಸುಮಾರು 1.26 ಕೋಟಿ ಬೇಸ್ ಜೋಡಿಗಳದು. 10 ಮೈಕ್ರೋಮೀಟರ್ ಆಸುಪಾಸಿನ, ಒಂದೇ ಕೋಶದ ಇನ್ನೊಂದು ಹಸಿರು ಹಾವಸೆ ಕ್ಲಾಮಿಡೋಮೊನಾಸ್‌ಗೆ ಸುಮಾರು 11 ಕೋಟಿ. ಡಿಎನ್‌ಎ ಒಂಬತ್ತು ಪಟ್ಟಾದರೂ ಜೀನ್‌ಗಳು ಎರಡು ಪಟ್ಟಿಗೆ ತುಸು ಹೆಚ್ಚು, ಅಷ್ಟೇ. ಉಳಿದದ್ದರಲ್ಲಿ ಬಹುಪಾಲು ಜೀನ್‌ಗಳ ಸಂಕೇತವನ್ನು ಹೊರದ ಭಾಗ. ನೀರಿನ ಏಕಕೋಶ ಜೀವಿಗಳಾದ ಕೆಲವು ಡೈನೋಫ್ಲ್ಯಾಜೆಲೇಟ್‌ಗಳ ಡಿಎನ್‌ಎ ಮನುಷ್ಯನದಕ್ಕಿಂತ ಎಷ್ಟೋ ಪಟ್ಟು ದೊಡ್ಡದು, ಅವುಗಳ ಬುದ್ಧಿಗೂ ಅದಕ್ಕೂ ಸಂಬಂಧವಿಲ್ಲವೆಂದು ಹೇಳಿದಾಗ ತರಗತಿ ನಗುತ್ತದೆ.

ಈ ನಂಟನ್ನು ತಿರುವು ಮುರುವಾಗಿ, ಅಂದರೆ ಕೋಶದ ಅಳತೆಯಿಂದ ಡಿಎನ್‌ಎಯ ಮೊತ್ತವನ್ನು ಊಹಿಸುವ ಹಾಗೆ, ಓದಲು ಮಾತ್ರ ನಾನು ಬಿಡುವುದಿಲ್ಲ. ಸ್ಪೈರೋಗೈರಾವನ್ನು ಹೆಚ್ಚು ವರ್ಧನೆಯಲ್ಲಿ ನೋಡಿದರೆ ಒಳಗಿನ ಬಹುಭಾಗ ರಸದಾನಿಯೇ, ಅಂದರೆ ನೀರಿನಂಥ ರಸ ತುಂಬಿದ ಚೀಲವೇ; ಕೋಶಕೇಂದ್ರ ನಡುವೆ ಕೋಶರಸದ ಸಣ್ಣ ತಂತುಗಳಿಂದ ತೂಗಿರುತ್ತದೆ, ಆದ್ದರಿಂದ ಹೊರಗಿನ ಅಳತೆ ಒಳಗಿನ ಜೀವದ್ರವ್ಯದ ಅಳತೆಯಲ್ಲ. ಇನ್ನು ಡಯಾಟಮ್‌ಗಳೆಂಬ ಏಕಕೋಶ ಹಾವಸೆಗಳ ಸಿಲಿಕಾ ಚಿಪ್ಪಿನ ಎರಡು ತಟ್ಟೆಗಳು ಒಂದರೊಳಗೊಂದು ಕೂರುವುದರಿಂದ, ಎಷ್ಟೋ ಪ್ರಭೇದಗಳಲ್ಲಿ ಒಂದೊಂದು ವಿಭಜನೆಗೂ ಕೆಲವು ಕೋಶಗಳು ಕುಗ್ಗುತ್ತ ಹೋಗುತ್ತವೆ, ಡಿಎನ್‌ಎ ಮಾತ್ರ ಅಷ್ಟೇ ಇರುತ್ತದೆ.

ವಿದ್ಯಾರ್ಥಿನಿಗೆ ಎರಡೂ ಎಳೆಗಳನ್ನು ಬಣ್ಣ ಹಾಕಿ ಕೋಶಕೇಂದ್ರದ ವ್ಯಾಸವನ್ನೂ ಅಳೆಯಲು ಹೇಳಿದೆ. ಸದ್ಯಕ್ಕೆ ಅವಳ ರೆಕಾರ್ಡ್ ಪುಸ್ತಕದಲ್ಲಿ ಎರಡು ಚಿತ್ರಗಳ ಕೆಳಗೂ ಸ್ಪೈರೋಗೈರಾ ಎಂದಷ್ಟೇ ಇದೆ. ಪ್ರಭೇದದ ಜಾಗ ಖಾಲಿ.